ಕುಡಗೋಲಿನ ಹಿಡಿಕೆ

ಡಿಸೈನ್ ಕಾಲೇಜಿನ ರಜೆಗೆ ನವಲಗುಂದಕ್ಕೆ ಬಂದಾಗಲೆಲ್ಲ ನಾನು ನಮ್ಮ ಓಣಿಯ ಕಂಬಾರ ಕಾಕಾನ ಕುಲುಮೆಯ ಮುಂದೆ ಕೂತು ಸ್ಕೆಚ್ ಮಾಡುತ್ತಿದ್ದೆ. ಯಾವ ಚಿತ್ರ ತೋರಿಸಿದರೂ ಕಾಕಾ ಹಾಳೆಯ ಮೇಲೆ ಮಸಿ ಹತ್ತಿದ ಹೆಬ್ಬೆರಳು ಊರಿ ಒಂದೇ ಮಾತು ಕೇಳುತ್ತಿದ್ದರು: “ಯಾರ ಕೈಗವ್ವಾ ಇದು?”

“ಎಲ್ಲಾರ ಕೈಗೂ ರೀ!” ಎಂದೆ ಒಮ್ಮೆ, ಸಿಟ್ಟು ತಡೆಯದೆ. ಬೆರಳು ಕೂರಲೆಂದು ನಾಲ್ಕು ತಗ್ಗು ಬಿಡಿಸಿದ್ದ ಕುಡಗೋಲಿನ ಹಿಡಿಕೆ ಅದು.

ಕಾಕಾ ಒಂದು ಗೆರೆಯೂ ತಪ್ಪದಂತೆ ಆ ಕುಡಗೋಲು ಮಾಡಿ, ದಿನಾ ಜೋಳ ಕೊಯ್ಯುವ ಹೆಂಡತಿ ಕಾಕುವಿನ ಕೈಗೆ ಕೊಟ್ಟರು. ಕಾಕುವಿನ ಗಂಟುಬಿದ್ದ ಬೆರಳುಗಳು ಒಂದು ತಗ್ಗಿನಲ್ಲೂ ಕೂರಲಿಲ್ಲ. ಆದರೂ ಹಿತ್ತಲಲ್ಲಿದ್ದ ಜೋಳದ ದಂಟು ಹಿಡಿದು, ಕುಡಗೋಲು ಹಾಕಿ ಜಗ್ಗಿದರು. ಹಿಡಿಕೆ ಕೈಯಲ್ಲೇ ತಿರುಗಿ, ಕುಡಗೋಲು ಮೊಣಕಾಲಿಗೆ ಬಡಿಯಿತು. ನಾನು ಚೀರಿದೆ.

ರಕ್ತ ಬರಲಿಲ್ಲ. ಕಾಕಾ ಅದಕ್ಕೆ ಸಾಣೆ ಹಿಡಿದಿರಲೇ ಇಲ್ಲ.