ಓಡೆಲ್‌ನ ಏಪ್ರಿಲ್

ನಮ್ಮ ಫ್ಲಿಂಟ್ ಹೊಳೆಯಲ್ಲಿ ಗಿರಾಕಿಗಳನ್ನು ಮೀನು ಹಿಡಿಯಲು ಕರೆದೊಯ್ಯುವ ದೋಣಿಯವನಾದ ಓಡೆಲ್ ಟಾರ್ವರ್‌ಗೆ ಏಪ್ರಿಲ್ ಬಂತೆಂದರೆ ಮೈಮೇಲೆ ಬಂದ ಹಾಗೆ. ಬೇಯಿಸಿದ ಕಡಲೆಕಾಯಿ ಮೆಲ್ಲುತ್ತ ನೀರಿಗೆ ಕಾಲಿಟ್ಟು, ‘ಬೆಚ್ಚಗಾಗಿದೆ, ನಮ್ಮವನು ಗೂಡು ಮಾಡಿರ್ತಾನೆ’ ಎಂದು ಊರಿಗೆಲ್ಲ ಸಾರುತ್ತಾನೆ. ನಮ್ಮವನೆಂದರೆ ಬಂಡೆಗಳ ನಡುವಿನ ಸೆಳವಿನಲ್ಲೇ ಬದುಕುವ, ಕೆಂಪು ಕಣ್ಣಿನ, ಹುಲಿಪಟ್ಟೆಯ ಬಾಸ್ ಮೀನು. ಅದರ ಉದ್ದ ತೋರಿಸಲು ಅವನು ಕೈ ಚಾಚಿದರೆ ಪಕ್ಕದವರ ಟೋಪಿ ಹೊಳೆಪಾಲು. ಯಾರಾದರೂ ಕೆರೆಯ ಬಾಸನ್ನು ಹೊಗಳಿದರೆ, ‘ಅದು ಸೋಮಾರಿ ರೀ, ನಿಂತ ನೀರಲ್ಲಿ ಹೊಟ್ಟೆ ಬೆಳೆಸುತ್ತೆ. ಇವನು ಹೊಳೆಗೆ ಎದುರು ನಿಂತು ಸಂಸಾರ ಮಾಡೋನು’ ಎನ್ನುತ್ತಾನೆ. ಮೊಟ್ಟೆಯಿಟ್ಟು ಹೆಣ್ಣು ಹೊರಟುಹೋದ ಮೇಲೆ ಗಂಡು ಕಲ್ಲುಗಳ ನಡುವಿನ ಗೂಡು ಕಾಯುತ್ತ ಹತ್ತಿರ ಬಂದದ್ದನ್ನೆಲ್ಲ ಕಚ್ಚಿ ಓಡಿಸುವುದನ್ನು ಸ್ವಂತ ಅಣ್ಣನ ಸುದ್ದಿಯಂತೆ ಹೇಳುತ್ತಾನೆ. ಹೋದ ವಾರ ನಾನೂ ದೋಣಿಯಲ್ಲಿದ್ದಾಗ, ಅವನು ದಾರದ ತುದಿಗೆ ಕಟ್ಟಿದ್ದ ರಬ್ಬರ್ ಸಿಗಡಿಯ ಮೇಲೆ ಅಂಥ ಗಂಡೊಂದು ಎರಗಿತು. ಗಾಳದ ಕೋಲು ಬಿಲ್ಲಿನಂತೆ ಬಾಗಿ, ಮರುಕ್ಷಣ ನೆಟ್ಟಗಾಯಿತು. ಓಡೆಲ್ ಗೆದ್ದವನಂತೆ ಕುಣಿದ. ‘ತಪ್ಪಿಸ್ಕೊಂಡ್ತಲ್ಲೋ’ ಎಂದೆ. ಅವನು ಸಿಗಡಿಯನ್ನು ನನ್ನ ಅಂಗೈಗೆ ಹಾಕಿದ. ಅದರಲ್ಲಿ ಕೊಕ್ಕೆಯೇ ಇರಲಿಲ್ಲ. ‘ಒಂದ್ಸಲ ಇಂಥವನನ್ನ ಎತ್ಕೊಂಡು ಫೋಟೊ ತೆಗೆಸ್ಕೊಂಡೆ. ವಾಪಸ್ ಬಿಡೋ ಅಷ್ಟರಲ್ಲಿ ಸಣ್ಣ ಮೀನುಗಳು ಮೊಟ್ಟೆಯೆಲ್ಲ ತಿಂದು ಮುಗಿಸಿದ್ವು’ ಎಂದ ಮೆಲ್ಲಗೆ. ‘ಅವನು ಹೋಗಿ ಬರೀ ಕಲ್ಲಿಗೆ ಕಾವಲು ನಿಂತ.’