ಬಾರ್ಲಿಯ ಬಾಯಲ್ಲಿ ಉಳಿದ ಇಪ್ಪತ್ತು

ಫೆಬ್ರುವರಿ ಹನ್ನೊಂದು, ಮಂಗಳವಾರ. ನಾಯಿಯ ಬಾಯಲ್ಲಿ ಇರಬೇಕಾದ ಹಲ್ಲು ನಲವತ್ತೆರಡು. ಬಾರ್ಲಿಯ ಬಾಯಲ್ಲಿ ಇರುವುದು ಮೂವತ್ತೊಂದು. ಹೊರಗೆ ಇನ್ನೂ ಬೆಳಕು ಹರಿದಿಲ್ಲ. ಉತ್ತರ ಡಕೋಟದ ಕ್ಯಾಂಡೋ ಊರಿನ ಪಶುವೈದ್ಯಶಾಲೆಯಲ್ಲಿ ನೆಲಕ್ಕೆ ಮಂಡಿಯೂರಿ, ಹನ್ನೆರಡು ವರ್ಷದ ಆ ಲ್ಯಾಬ್ರಡಾರ್‌ನ ತುಟಿ ಎತ್ತಿ, ಸಹಾಯಕಿ ಮಾರ್ಲಿಸ್ ಹಾಗೆನ್ ಇನ್ನೊಮ್ಮೆ ಎಣಿಸುತ್ತಾರೆ. ಲೆಕ್ಕ ಬದಲಾಗುವುದಿಲ್ಲ. ಮೂವತ್ತೊಂದರಲ್ಲಿ ಹನ್ನೊಂದು ಬೇರಿನವರೆಗೆ ಕೊಳೆತಿವೆ.

ನಾಯಿಯ ಯಜಮಾನ ಆರ್ವಿಡ್ ಸೋಲ್ಬರ್ಗ್ ಟೋಪಿಯನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದಾರೆ. ವಯಸ್ಸು ಎಂಬತ್ತೊಂದು. ಹೆಂಡತಿ ಡೊರೀನ್ ತೀರಿಕೊಂಡ ಮೇಲೆ ಅವರ ಮನೆಯಲ್ಲಿ ಉಸಿರಾಡುವವರು ಇಬ್ಬರೇ. ಎರಡು ವರ್ಷದಿಂದ ನಾಯಿಯ ಬಾಯಿ ನಾರುತ್ತಿತ್ತು. ಮುಪ್ಪಿನ ವಾಸನೆ ಎಂದುಕೊಂಡರು. ತಟ್ಟೆ ಖಾಲಿಯಾಗುತ್ತಿತ್ತು, ನೋವಿಲ್ಲ ಎಂದುಕೊಂಡರು. ಅದು ಅಗಿಯದೆ ನುಂಗುತ್ತಿತ್ತೆಂದು ತಿಳಿದದ್ದು, ಕಳೆದ ವಾರ ನುಂಗುವುದನ್ನೂ ನಿಲ್ಲಿಸಿದಾಗ.

"ಉಣ್ತಾ ಇದ್ದ, ಬಾಲ ಆಡಿಸ್ತಾ ಇದ್ದ. ನಂಗೇನು ಗೊತ್ತು, ಮಾರ್ಲಿಸ್?"

"ಬಾಯ್ಬಿಟ್ಟು ಹೇಳಿದ್ರೆ ತಾನೆ? ಇವ್ನೂ ನಿಮ್ ಥರ ನಾರ್ವೆ ಕುಲದವ್ನೇ, ನೋವು ನುಂಗ್ಕೊಳ್ಳೋನು."

ಆರ್ವಿಡ್ ನಗುವುದಿಲ್ಲ. ಮದ್ದಿನ ನಿದ್ದೆಯಿಂದ ಮುದಿನಾಯಿ ಏಳದಿದ್ದರೆ ಎಂಬುದೊಂದೇ ಅವರ ಚಿಂತೆ.

ಹಲ್ಲು ಕೀಳುವುದು ವೈದ್ಯರ ಕೆಲಸ. ಹಲ್ಲಿಗೆ ಕಟ್ಟಿದ ಕಿಟ್ಟ ಕೆರೆಯುವುದು, ಉಸಿರು ಕಾಯುವುದು ಮಾರ್ಲಿಸ್ ಕೆಲಸ. ಇಪ್ಪತ್ತಾರು ವರ್ಷ, ವಾರಕ್ಕೆ ಎರಡು. ರಜೆ ಕಳೆದರೆ ಎರಡು ಸಾವಿರದ ಆರುನೂರರ ಸುಮಾರು ನಾಯಿಗಳು. ಏಳದೇ ಹೋದವು ನಾಲ್ಕು. ನಾಲ್ಕರ ಹೆಸರೂ ಅವರಿಗೆ ಬಾಯಿಪಾಠ. ಕೊನೆಯದು ಅವರದೇ ನಾಯಿಯದು. ಆಮೇಲೆ ಅವರು ನಾಯಿ ಸಾಕಿಲ್ಲ. ಸಂಜೆ ಮನೆಯ ಬೀಗ ತೆಗೆದಾಗ ಒಳಗಿನಿಂದ ಯಾವ ಸದ್ದೂ ಬರುವುದಿಲ್ಲ.

ಬಾರ್ಲಿಗೆ ಹಿಡಿಯುವುದು ಎರಡು ಗಂಟೆ ಇಪ್ಪತ್ತು ನಿಮಿಷ. ಐದು ನಿಮಿಷಕ್ಕೊಮ್ಮೆ ನಾಡಿ, ಉಸಿರು. ಒಟ್ಟು ಇಪ್ಪತ್ತೆಂಟು ಬಾರಿ ಬರೆಯುತ್ತಾರೆ. ಹದಿನೇಳನೆಯ ಬಾರಿ ನಾಡಿ ಇಳಿಯುತ್ತದೆ. ಮಾರ್ಲಿಸ್ ಮದ್ದು ತಗ್ಗಿಸಿ, ವೈದ್ಯರ ಕೈ ತಡೆದು, ನಾಯಿಯ ಎದೆಯ ಮೇಲೆ ಅಂಗೈ ಇಟ್ಟು ಕಾಯುತ್ತಾರೆ. ಹದಿನೆಂಟನೆಯದು ಸರಿಯಿದೆ.

ಕಿತ್ತದ್ದು ಹನ್ನೊಂದು, ಉಳಿದದ್ದು ಇಪ್ಪತ್ತು. ವೈದ್ಯರು ಕೈತೊಳೆದು ಹೋದ ಮೇಲೂ ಮಾರ್ಲಿಸ್ ಕಂಬಳಿ ಹೊದಿಸಿದ ನಾಯಿಯ ಪಕ್ಕ ನೆಲದಲ್ಲೇ ಕೂತಿರುತ್ತಾರೆ, ಅದು ತಲೆಯೆತ್ತುವವರೆಗೆ. ಇದು ಯಾರೋ ಹಾಕಿಕೊಟ್ಟ ನಿಯಮವಲ್ಲ. "ಎಚ್ಚರ ಆದಾಗ ಪಕ್ಕದಲ್ಲಿ ಯಾರಾದ್ರೂ ಇರ್ಬೇಕು, ಅಷ್ಟೆ," ಎನ್ನುತ್ತಾರೆ.

ಹತ್ತು ದಿನದ ಮೇಲೆ ಆರ್ವಿಡ್ ಮತ್ತೆ ಬರುತ್ತಾರೆ. ಬಾರ್ಲಿ ಮುಂದೆ, ಹಗ್ಗ ಜಗ್ಗುತ್ತ. ಮೂಲೆ ಹಿಡಿದಿದ್ದ ನಾಯಿ ಈಗ ಚೆಂಡು ತಂದು ಕಾಲ ಬಳಿ ಹಾಕುತ್ತದಂತೆ. "ನನ್ ಬಾಯಲ್ಲಿ ಸ್ವಂತದ್ದು ಒಂದೂ ಇಲ್ಲ, ಇವನಿಗೆ ಇಪ್ಪತ್ತು. ಮನೇಲಿ ಈಗ ಇವ್ನೇ ಸಾಹುಕಾರ," ಎನ್ನುತ್ತಾರೆ. ಕೈಯಲ್ಲಿ ಮುಚ್ಚಿದ ತಟ್ಟೆ, ಒಳಗೆ ಅವರೇ ಜೀವನದಲ್ಲಿ ಮೊದಲ ಬಾರಿ ಬೇಯಿಸಿದ, ಅಂಚು ಸೀದ ಸೇಬಿನ ಸಿಹಿ. ತಟ್ಟೆಯ ತಳದಲ್ಲಿ ಅಂಟಿಸಿದ ಪಟ್ಟಿಯ ಮೇಲೆ ಡೊರೀನ್ ಹೆಸರು, ಡೊರೀನ್ ಕೈಬರಹದಲ್ಲೇ.

ಬಂದ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವ ವಾಡಿಕೆ ಆ ಊರಿನಲ್ಲೂ ಇಲ್ಲ. ಸಿಹಿ ಮುಗಿದು ಮೂರು ವಾರವಾಗಿದೆ. ತೊಳೆದ ತಟ್ಟೆ ಮಾರ್ಲಿಸ್ ಅಡುಗೆಮನೆಯ ಮೇಜಿನ ಮೇಲೆ, ಒಂದೇ ಕುರ್ಚಿಯ ಎದುರಿಗೆ ಇದೆ.

"ಮೆತ್ತಗಿರೋದು ಏನಾದ್ರೂ ಮಾಡ್ಬೇಕು. ಅಲ್ಲಿ ಇಬ್ಬರಿಗೂ ಸೇರಿ ಇಪ್ಪತ್ತೇ ಹಲ್ಲು," ಎನ್ನುತ್ತಾರೆ ಅವರು. "ಏನು ಅಂತ ಯೋಚ್ನೆ ಮಾಡ್ತಾ ಇದೀನಿ. ಅವಸರ ಏನಿಲ್ಲ."