ಡಾಕ್ಟರು ಬರೆಯದ ರೋಗಿ
ಬೆಳಿಗ್ಗೆ ಎಂಟಕ್ಕೆ ಇಟಲಿಯ ಸಣ್ಣ ಊರು ಆದ್ರಿಯಾದ ತಮ್ಮ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಬ್ರಾಂಡೊಲಿನ್ ರೋಗಿಯ ಬೆನ್ನಿಗೆ ಸ್ಟೆತಸ್ಕೋಪ್ ಒತ್ತಿ "ಉಸಿರು ಎಳ್ಕೊ" ಎನ್ನುತ್ತಾರೆ. ಬಿಡು ಎನ್ನಲು ಮರೆತು ಔಷಧಿ ಚೀಟಿಯ ಹಿಂದೆ ಕಾದಂಬರಿಯ ಒಂದು ಸಾಲು ಬರೆದುಕೊಳ್ಳುತ್ತಾರೆ. ಅವರ ಮೂರು ಕಾದಂಬರಿಗಳು ಬಂದ ಮೇಲೆ ಊರಿನವರು "ಕೊನೇಲಿ ಬಂದವರು ಯಾರು?" ಎಂದು ಕೇಳಿ ಸರದಿ ಹಿಡಿದು ಕೂತು, ಯಾರ ಕಾಯಿಲೆ ಪುಸ್ತಕದಲ್ಲಿ ಬಂತೆಂದು ಲೆಕ್ಕ ಹಾಕಿ ಹೊಟ್ಟೆ ಉರಿದುಕೊಳ್ಳುತ್ತಾರೆ. "ಹೋದ ವರ್ಷ ಸತ್ತ ಆ ಜೆಲಿಂಡಾ ಕೆಮ್ಮಿಗೆ ಹನ್ನೆರಡು ಪುಟ! ನನ್ನ ಪಿತ್ತದ ಕಲ್ಲಿಗೆ ಒಂದು ಸಾಲೂ ಇಲ್ವಾ ಡಾಕ್ಟ್ರೇ?" ಎಂದು ಬೇಕರಿಯ ನಾರ್ಮಾ ರೇಗುತ್ತಾಳೆ. "ನಿಂದು ಬರೆಯಲ್ಲ ಕಣಮ್ಮ" ಎನ್ನುತ್ತಾರೆ ಡಾಕ್ಟರು. ತಾವು ಉಳಿಸಿಕೊಳ್ಳಲಾಗದವರನ್ನಷ್ಟೇ ಅವರು ಬರೆಯುವುದೆಂದು ಅವಳಿನ್ನೂ ಗಮನಿಸಿಲ್ಲ. ಕಳೆದ ವಾರ ಅವಳ ಸ್ಕ್ಯಾನಿನಲ್ಲಿ ಕಲ್ಲಿಗಿಂತ ಕೆಟ್ಟದ್ದು ಕಂಡ ಡಾಕ್ಟರು ಪೆನ್ನು ಬದಿಗಿಟ್ಟು ಕೂಡಲೇ ಸರ್ಜನ್‌ಗೆ ಫೋನ್ ಮಾಡಿದ್ದರು. ಸೋಮವಾರ ಪಾಡುವಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್. ಅವರೇ ತಮ್ಮ ಕಾರಿನಲ್ಲಿ ಅವಳನ್ನು ಕರೆದೊಯ್ಯುತ್ತಾರೆ.